ದೊಡ್ಡಪ್ಪನ ಕಾಗದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ದೊಡ್ಡಪ್ಪ ಭಾರತೀಯ ವಾಯುಪಡೆಯಲ್ಲಿದ್ದರು. 1968ರಿಂದ 1974ರವರೆಗೆ ಅವರು ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಮನೆಗೆ ಬರೆದ 61 ಕಾಗದಗಳು ಈಗ ನನ್ನ ಹತ್ತಿರ ಇವೆ. ನಡುವೆ 1971ರ ಯುದ್ಧ ಬಂದು ಹೋಯಿತು. ಹೋದ ವರ್ಷ ಊರಿನ ಶಾಲೆಯಲ್ಲಿ ಎರಡು ದಿನ ಈ ಕಾಗದಗಳನ್ನು ನೋಡಲು ಇಟ್ಟಿದ್ದೆ. ಮಕ್ಕಳು ಬಂದರು, ಮೇಷ್ಟ್ರುಗಳು ಬಂದರು, ಸೇನೆಯಲ್ಲಿದ್ದು ಬಂದವರು ಬಂದರು. ಅಕ್ಕಪಕ್ಕದ ಊರಿನ ನೆಂಟರೂ ಬಂದರು. ಎಲ್ಲರೂ ಹೆಚ್ಚು ಕಡಿಮೆ ಅದೇ ಪ್ರಶ್ನೆಗಳನ್ನು ಕೇಳಿದರು. ನಿಂತಲ್ಲೇ ಹೇಳಿದ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಅದಕ್ಕೇ ಇಲ್ಲಿ ಕೂತು ಬರೆದಿದ್ದೇನೆ.

ನಿಮ್ಮ ದೊಡ್ಡಪ್ಪ ವಿಮಾನ ಹಾರಿಸುತ್ತಿದ್ದರಾ?

ಇಲ್ಲ. ವಾಯುಪಡೆ ಅಂದ ಕೂಡಲೇ ಎಲ್ಲರಿಗೂ ಪೈಲಟ್ ನೆನಪಾಗುತ್ತಾರೆ. ಅದು ಸಹಜ. ಕೊಡಗಿನ ಅಜ್ಜಮಾಡ ದೇವಯ್ಯನವರ ಹೆಸರು ನಮ್ಮ ಕಡೆಯ ಶಾಲಾ ಮಕ್ಕಳಿಗೂ ಗೊತ್ತು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು ಹಿಂದಿರುಗಲಿಲ್ಲ. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. 1971ರಲ್ಲಿ ಶ್ರೀನಗರದ ಮೇಲೆ ಹೋರಾಡಿ ಮಡಿದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರಿಗೆ ಪರಮವೀರ ಚಕ್ರ ಬಂತು. ವಾಯುಪಡೆಯಲ್ಲಿ ಆ ಪದಕ ಪಡೆದವರು ಅವರೊಬ್ಬರೇ.

ಆದರೆ ನಮ್ಮ ವಾಯುಪಡೆಯಲ್ಲಿ ಏರ್‌ಮನ್ ಅಂದರೆ ಆಫೀಸರ್ ಅಲ್ಲದ ಸಿಬ್ಬಂದಿ. ಎಂಜಿನ್ ನೋಡುವವರು, ರೇಡಿಯೊ ನೋಡುವವರು, ಗುಂಡು ಬಾಂಬು ತುಂಬುವವರು, ಲೆಕ್ಕ ಬರೆಯುವವರು. ಏರ್‌ಕ್ರಾಫ್ಟ್‌ಮನ್ ಆಗಿ ಸೇರಿ, ಲೀಡಿಂಗ್ ಏರ್‌ಕ್ರಾಫ್ಟ್‌ಮನ್, ಕಾರ್ಪೊರಲ್, ಸಾರ್ಜೆಂಟ್ ಎಂದು ಮೇಲೆ ಹೋಗಬೇಕು. ದೊಡ್ಡಪ್ಪ ಯುದ್ಧದ ಹೊತ್ತಿಗೆ ಕಾರ್ಪೊರಲ್. ಕೆಲಸ ಆರ್ಮರರ್, ಅಂದರೆ ವಿಮಾನದ ಬಂದೂಕು ಮತ್ತು ಗುಂಡುಗಳ ಜವಾಬ್ದಾರಿ.

ಅವರು ನೋಡಿಕೊಳ್ಳುತ್ತಿದ್ದದ್ದು ಹಂಟರ್ ವಿಮಾನ. ಅದರ ಮೂತಿಯ ಕೆಳಗೆ 30 ಮಿಲಿಮೀಟರ್‌ನ ನಾಲ್ಕು ಬಂದೂಕುಗಳು. ನಾಲ್ಕು ಬಂದೂಕು, ಅವುಗಳ ಗುಂಡಿನ ಮಾಲೆ, ಎಲ್ಲ ಸೇರಿ ಒಂದೇ ಪೆಟ್ಟಿಗೆಯ ಹಾಗೆ ಇರುತ್ತಿತ್ತು. ನಳಿಕೆ ಮಾತ್ರ ವಿಮಾನದಲ್ಲೇ ಉಳಿಯುತ್ತಿತ್ತು. ವಿಮಾನ ಇಳಿದ ಕೂಡಲೇ ಖಾಲಿ ಪೆಟ್ಟಿಗೆ ಕೆಳಗಿಳಿಸಿ, ತುಂಬಿದ ಪೆಟ್ಟಿಗೆ ಮೇಲೆತ್ತಿ ಕೂರಿಸಬೇಕು. ಬಾವಿಯಿಂದ ಕೊಡ ಸೇದುವ ಹಾಗೆ, ಅದಕ್ಕಿಂತ ಸ್ವಲ್ಪ ಜಾಸ್ತಿ ಹುಷಾರು ಬೇಕು ಅಷ್ಟೇ, ಎಂದು ದೊಡ್ಡಪ್ಪ ನನಗೆ ಹೇಳಿದ್ದರು. ಅವರ ಎಡಗೈ ಹೆಬ್ಬೆರಳಿನ ಉಗುರು ಕೊನೆಯವರೆಗೂ ಸೀಳಿಕೊಂಡೇ ಬೆಳೆಯುತ್ತಿತ್ತು. ಆ ಪೆಟ್ಟಿಗೆ ಕೂರಿಸುವಾಗ ಸಿಕ್ಕಿಕೊಂಡದ್ದು.

ಹಾರಿಸಿದವರ ಬಗ್ಗೆ ನಮಗೆ ಹೆಮ್ಮೆ ಇದೆ. ಇಳಿದ ವಿಮಾನವನ್ನು ಮತ್ತೆ ಹಾರುವ ಹಾಗೆ ಮಾಡಿದವರ ಬಗ್ಗೆಯೂ ಅಷ್ಟೇ ಇರಬೇಕು ಅನ್ನುವುದು ನನ್ನ ಮಾತು.

ಎಲ್ಲಿಂದ ಬರೆಯುತ್ತಿದ್ದರು? ಕಾಗದದ ಮೇಲೆ ಊರಿನ ಹೆಸರೇ ಇಲ್ಲವಲ್ಲ?

ಇರುವುದಿಲ್ಲ. ಹೆಸರು, ನಂಬರ್, ಕೆಳಗೆ 56 ಎಪಿಒ. ಅಷ್ಟೇ. ಎಪಿಒ ಅಂದರೆ ಸೇನೆಯ ಅಂಚೆ ಕಚೇರಿ. 56 ಅಂದರೆ ದೆಹಲಿಯ ಮೂಲಕ ಹಂಚಿಕೆಯಾಗುವ ಅಂಚೆ, 99 ಅಂದರೆ ಕಲ್ಕತ್ತೆಯ ಮೂಲಕ ಪೂರ್ವದ ಕಡೆಗೆ ಹೋಗುವುದು. ಮನೆಯವರು ಆ ನಂಬರ್ ಬರೆದು ಡಬ್ಬಿಗೆ ಹಾಕಿದರೆ ಸಾಕು. ಮಗ ಹಿಮದಲ್ಲಿದ್ದಾನೋ ಮರಳಿನಲ್ಲಿದ್ದಾನೋ ಬರೆದವರಿಗೆ ಗೊತ್ತಾಗುತ್ತಿರಲಿಲ್ಲ.

ನಮ್ಮ ಅಜ್ಜಿ 56 ಎಪಿಒ ಅನ್ನುವುದೇ ಒಂದು ಊರು ಎಂದು ಬಹಳ ದಿನ ತಿಳಿದುಕೊಂಡಿದ್ದರಂತೆ. ದೊಡ್ಡಪ್ಪ ಪಂಜಾಬಿನ ಪಠಾಣ್‌ಕೋಟ್‌ನಲ್ಲಿದ್ದರು ಅನ್ನುವುದು ಮನೆಗೆ ತಿಳಿದದ್ದು ಯುದ್ಧ ಮುಗಿದು ಅವರು ರಜೆಗೆ ಬಂದಾಗ.

ಯುದ್ಧದ ಕಾಗದ ಅಂತೀರಿ. ಅದರಲ್ಲಿ ಯುದ್ಧವೇ ಇಲ್ಲವಲ್ಲ?

ಇದನ್ನು ಕೇಳಿದವರು ಜಾಸ್ತಿ. ಕೆಲವರ ಮುಖದಲ್ಲಿ ಸ್ವಲ್ಪ ನಿರಾಸೆಯೂ ಕಂಡಿತು.

ಮೊದಲ ಕಾರಣ ಸುಲಭ. ಯಾವ ಜಾಗ, ಯಾವ ವಿಮಾನ, ಎಷ್ಟು ಜನ ಇದ್ದಾರೆ, ಯಾವಾಗ ಎಲ್ಲಿಗೆ ಹೋಗುತ್ತಾರೆ ಅನ್ನುವುದನ್ನು ಬರೆಯುವ ಹಾಗಿರಲಿಲ್ಲ. ನಮ್ಮ 61 ಕಾಗದಗಳಲ್ಲಿ ಒಂದು ಪದಕ್ಕೂ ಯಾರೂ ಮಸಿ ಬಳಿದಿಲ್ಲ. ಬಳಿಯುವಂಥದ್ದನ್ನು ದೊಡ್ಡಪ್ಪ ಬರೆದೇ ಇಲ್ಲ.

ಎರಡನೇ ಕಾರಣ ಅಜ್ಜಿ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಕಾಗದ ಬಂದರೆ ಅತ್ತೆ, ಅಂದರೆ ದೊಡ್ಡಪ್ಪನ ತಂಗಿ, ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಬೇಕು. ಅತ್ತೆ ಆಗ ಏಳನೇ ಕ್ಲಾಸು. ಪೋಸ್ಟ್‌ಮ್ಯಾನ್ ಸೈಕಲ್ ನಿಲ್ಲಿಸಿದ್ದು ಕಂಡರೆ ಬೀದಿಯವರೆಲ್ಲ ಸೇರುತ್ತಿದ್ದರು. ಎದುರು ಮನೆಯವರು, ಸೊಪ್ಪು ಕೊಯ್ದು ಬರುತ್ತಿದ್ದವರು, ಎಲ್ಲರೂ ನಿಂತು ಕೇಳುತ್ತಿದ್ದರು. ಹೀಗೆ ಇಡೀ ಬೀದಿಯ ಮುಂದೆ ಅಮ್ಮನ ಕಿವಿಗೆ ಬೀಳುವ ಮಾತನ್ನು ಮಗ ಹೇಗೆ ಬರೆಯುತ್ತಾನೆ, ಯೋಚನೆ ಮಾಡಿ. ಬಾಂಬು ಬಿತ್ತು ಅಂತ ಬರೆಯುವುದಿಲ್ಲ, ಅಲ್ವಾ? ರಾಗಿ ಕಣಕ್ಕೆ ಬಂತಾ ಅಂತ ಬರೆಯುತ್ತಾನೆ.

1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಒಮ್ಮೆಗೇ ಎರಗಿದವು. ಅಮೃತಸರ, ಶ್ರೀನಗರ, ಅವಂತಿಪುರದ ಜೊತೆ ಪಠಾಣ್‌ಕೋಟ್ ಮೇಲೂ ದಾಳಿ ಆಯಿತು. ಪಠಾಣ್‌ಕೋಟ್ ಗಡಿಗೆ ತೀರಾ ಹತ್ತಿರ. 1965ರ ಸೆಪ್ಟೆಂಬರ್ 6ರಂದು ಅದೇ ನೆಲೆಯಲ್ಲಿ ನಿಂತಿದ್ದ ನಮ್ಮ ವಿಮಾನಗಳು ನಿಂತಲ್ಲೇ ಸುಟ್ಟು ಹೋಗಿದ್ದವು. ಆ ಪಾಠ ಯಾರೂ ಮರೆತಿರಲಿಲ್ಲ. 1971ರ ಹೊತ್ತಿಗೆ ವಿಮಾನಗಳನ್ನು ಗಟ್ಟಿ ಮರೆಗಳಲ್ಲಿ ಇಡುತ್ತಿದ್ದರು. ಡಿಸೆಂಬರ್ 4ರ ಬೆಳಿಗ್ಗೆ ಪಠಾಣ್‌ಕೋಟ್‌ನಿಂದಲೇ ಹಂಟರ್‌ಗಳು ಗಡಿ ದಾಟಿ ಹೋದವು. ಅವುಗಳಿಗೆ ರಾತ್ರಿಯೆಲ್ಲ ಗುಂಡು ತುಂಬಿದವರಲ್ಲಿ ದೊಡ್ಡಪ್ಪ ಒಬ್ಬರು.

ಅದಾದ ಮೇಲೆ ಅವರು ಬರೆದ ಮೊದಲ ಕಾಗದ ನನ್ನ ಮುಂದೆ ಇದೆ. ಇಲ್ಲಿ ಚಳಿ ಜಾಸ್ತಿ, ಬಿಸಿನೀರು ಸಿಗುತ್ತದೆ, ಊಟಕ್ಕೆ ತೊಂದರೆ ಇಲ್ಲ. ಹುಳು ಎಷ್ಟನೇ ಜ್ವರದಲ್ಲಿದೆ? ಚಂದ್ರಿಕೆ ಸಾಲದಿದ್ದರೆ ಬಾಡಿಗೆಗೆ ತನ್ನಿ, ಸಾಲ ಮಾಡಬೇಡಿ. ಅವರೆಕಾಯಿ ಈ ಸಲ ಸೊಗಡು ಚೆನ್ನಾಗಿದೆಯಾ? ಇಷ್ಟೇ ಇರುವುದು. ಹುಳು ಅಂದರೆ ನಮ್ಮ ಮನೆಯಲ್ಲಿ ಸಾಕುತ್ತಿದ್ದ ರೇಷ್ಮೆ ಹುಳು, ಚಂದ್ರಿಕೆ ಅಂದರೆ ಅದು ಗೂಡು ಕಟ್ಟುವ ಬಿದಿರಿನ ತಟ್ಟೆ.

ಆದರೆ ಅಕ್ಷರ ನೋಡಿ. ಉಳಿದ ಕಾಗದಗಳಲ್ಲಿ ಅವರ ಸಾಲು ನೂಲು ಹಿಡಿದ ಹಾಗೆ ನೇರ. ಇದರಲ್ಲಿ ಪ್ರತಿ ಸಾಲೂ ಬಲಕ್ಕೆ ಹೋಗುತ್ತಾ ಕೆಳಗೆ ಜಾರಿದೆ. ಎರಡು ಕಡೆ ಒಂದು ಸಾಲಿನ ಮೇಲೇ ಇನ್ನೊಂದು ಸಾಲು ಬಿದ್ದಿದೆ. ರಾತ್ರಿ ದೀಪ ಹಚ್ಚುವ ಹಾಗಿಲ್ಲ. ಕಂಬಳಿಯೊಳಗೆ ಟಾರ್ಚ್ ಹಿಡಿದು ಬರೆದದ್ದು. ನನ್ನ ಮಟ್ಟಿಗೆ ಯುದ್ಧ ಇರುವುದು ಆ ಜಾರಿದ ಸಾಲುಗಳಲ್ಲಿ.

ಎಲ್ಲ ಕಾಗದದಲ್ಲೂ ಜ್ವರ ಜ್ವರ ಅಂತ ಇದೆ. ಮನೆಯಲ್ಲಿ ಯಾರಿಗೆ ಹುಷಾರಿರಲಿಲ್ಲ?

ಎಲ್ಲರೂ ಚೆನ್ನಾಗಿದ್ದರು. ಅದು ರೇಷ್ಮೆ ಹುಳುವಿನ ಜ್ವರ. ಶಿಡ್ಲಘಟ್ಟದ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬೆಂಗಳೂರಿನಿಂದ ಬಂದ ಒಬ್ಬ ವಿದ್ಯಾರ್ಥಿನಿ ಮಾತ್ರ ಇದನ್ನು ಓದಿ ನಿಜವಾಗಿ ಗಾಬರಿಯಾಗಿದ್ದಳು.

ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟುವುದಿಲ್ಲ. ತಲೆ ಎತ್ತಿಕೊಂಡು ಸುಮ್ನೆ ಇರುತ್ತದೆ. ಅದಕ್ಕೇ ನಮ್ಮ ಕಡೆ ಹುಳು ಜ್ವರಕ್ಕೆ ಹೋಯಿತು, ಜ್ವರದಿಂದ ಎದ್ದಿತು ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ತಿನ್ನುತ್ತದೆ. ಮನೆಯೊಳಗೆ ಮಳೆ ಬಂದ ಹಾಗೆ ಸದ್ದು. ಆ ವಾರ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಆಮೇಲೆ ಹುಳು ಹಣ್ಣಾಗುತ್ತದೆ, ಚಂದ್ರಿಕೆಗೆ ಬಿಡುತ್ತೇವೆ, ಗೂಡು ಕಟ್ಟುತ್ತದೆ.

ಗೂಡು ಮಾರಿದ ದುಡ್ಡಿನಲ್ಲೇ ಮನೆ ನಡೆಯಬೇಕು. ಚಳಿ ಜಾಸ್ತಿಯಾದರೆ ಹುಳು ಮಂಕಾಗುತ್ತದೆ ಎಂದು ಹುಳು ಮನೆಯಲ್ಲಿ ಕೆಂಡದ ಒಲೆ ಇಡುತ್ತಾರೆ. ಡಿಸೆಂಬರ್‌ನ ಒಂದು ಕಾಗದದಲ್ಲಿ ದೊಡ್ಡಪ್ಪ ಇದನ್ನೇ ಎರಡು ಸಲ ಬರೆದಿದ್ದಾರೆ: ಕೆಂಡ ಇಡಿ, ಆದರೆ ಹೊಗೆ ಆಗದ ಹಾಗೆ ನೋಡಿಕೊಳ್ಳಿ. ತಾನು ಇದ್ದ ಜಾಗದಲ್ಲಿ ಒಂದು ಬೀಡಿಯ ಕಿಡಿಯೂ ಕಾಣಬಾರದಿದ್ದ ರಾತ್ರಿಗಳಲ್ಲಿ.

ಕಾಗದಗಳ ನಡುವೆ ತೂತು ಯಾಕಿದೆ? ಗುಂಡು ತಾಗಿದ್ದಾ?

ಮಕ್ಕಳೆಲ್ಲ ಇದನ್ನೇ ಕೇಳಿದರು. ಅಲ್ಲ ಮಕ್ಕಳೇ. ಆಗ ಪ್ರತಿ ಮನೆಯ ಗೋಡೆಯಲ್ಲೂ ಒಂದು ಕಾಗದದ ತಂತಿ ಇರುತ್ತಿತ್ತು. ಕೆಳಗೆ ಒಂದು ಮರದ ಬಿಲ್ಲೆ, ಮೇಲೆ ಕೊಕ್ಕೆ. ಓದಿ ಆದ ಕಾಗದ, ಕಂದಾಯದ ರಸೀದಿ, ಮದುವೆ ಕರೆಯೋಲೆ, ಎಲ್ಲವನ್ನೂ ಅದಕ್ಕೆ ಚುಚ್ಚುತ್ತಿದ್ದರು. ನಮ್ಮ ಮನೆಯಲ್ಲಿ ಅದು ನಡುಮನೆಯ ಕಂಬದ ಪಕ್ಕ ಇತ್ತು. ಚುಚ್ಚುವುದು ಅಜ್ಜಿಯ ಕೆಲಸ. ಬೇರೆಯವರು ಮುಟ್ಟುವ ಹಾಗಿರಲಿಲ್ಲ.

ಹಾಗಾಗಿ ಪ್ರತಿ ಕಾಗದದಲ್ಲೂ ನಡುವಿನ ಒಂದು ಅಕ್ಷರ ಹೋಗಿದೆ. ಒಂದರಲ್ಲಿ ಅಮ್ಮ ಅನ್ನುವ ಪದದ ಮ್ಮ ಇಲ್ಲ. ಸುತ್ತ ತುಕ್ಕಿನ ಕಲೆ. ನಾಲ್ಕು ಕಾಗದಗಳಲ್ಲಿ ಮಾತ್ರ ತೂತಿಲ್ಲ. ಅದರ ವಿಷಯ ಕೊನೆಯಲ್ಲಿ ಹೇಳುತ್ತೇನೆ.

ಶುರುವಿನ ಸಾಲುಗಳು ಎಲ್ಲದರಲ್ಲೂ ಒಂದೇ ಥರ ಇವೆಯಲ್ಲ?

ಆಗ ಕಾಗದ ಬರೆಯುವ ಕ್ರಮವೇ ಹಾಗೆ. ತಂದೆಗೆ ಬರೆದರೆ ತೀರ್ಥರೂಪು, ತಾಯಿಗೆ ಮಾತೃಶ್ರೀ, ತಂಗಿಗೆ ಚಿರಂಜೀವಿ. ಆಮೇಲೆ ಉಭಯ ಕುಶಲೋಪರಿ ಸಾಂಪ್ರತ. ಅಂದರೆ ಇಲ್ಲೂ ಕ್ಷೇಮ, ಅಲ್ಲೂ ಕ್ಷೇಮ, ಮುಂದೆ ವಿಷಯಕ್ಕೆ ಬರೋಣ ಅಂತ. ಈಗ ಓದುವವರು ಆ ಸಾಲನ್ನು ದಾಟಿ ಮುಂದಕ್ಕೆ ಹೋಗುತ್ತಾರೆ. ಅಜ್ಜಿಗೆ ಬೇಕಿದ್ದದ್ದು ಅದೇ ಸಾಲು. ಅತ್ತೆ ಅಷ್ಟು ಓದಿದ ಮೇಲೆಯೇ ಅವರು ಕೂರುತ್ತಿದ್ದರಂತೆ. ಅಲ್ಲಿಯವರೆಗೆ ಕಂಬ ಹಿಡಿದು ನಿಂತೇ ಇರುತ್ತಿದ್ದರು.

ನಡುನಡುವೆ ತೆಲುಗು ಬರುತ್ತದೆ. ಯಾಕೆ?

ನಮ್ಮ ಮನೆ ಮಾತು ತೆಲುಗು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಮನೆಗಳಲ್ಲಿ ಹೀಗೇ. ಮಾತು ತೆಲುಗು, ಓದು ಬರಹ ಕನ್ನಡ. ದೊಡ್ಡಪ್ಪ ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದಾರೆ. ಅಮ್ಮನಿಗೆ ನೇರವಾಗಿ ಹೇಳುವ ಒಂದೆರಡು ಮಾತು ಮಾತ್ರ ತೆಲುಗಿನಲ್ಲಿ. ಓದುವವರ ಬಾಯಲ್ಲಿ ಅದು ಅವರದೇ ದನಿಯ ಹಾಗೆ ಕೇಳಲಿ ಅಂತ ಇರಬೇಕು.

ತಾರೀಕು ಇಲ್ಲದ ಕಾಗದಗಳ ಕಾಲ ಹೇಗೆ ಗೊತ್ತು ಮಾಡಿದಿರಿ?

ಮೊದಲು ಅಂಚೆ ಮುದ್ರೆ ನೋಡಬೇಕು. ಅಳಿಸಿದ್ದರೆ ವಿಳಾಸ ನೋಡಬೇಕು. ಇದು ನಿಮ್ಮ ಮನೆಯ ಹಳೇ ಕಾಗದಗಳಿಗೂ ಉಪಯೋಗಕ್ಕೆ ಬರುತ್ತದೆ.

ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ವಿಳಾಸದಲ್ಲಿ ಪಿನ್ ಇದ್ದರೆ ಅದು ಯುದ್ಧದ ನಂತರದ್ದು. ಮೈಸೂರು ರಾಜ್ಯ ಎಂದಿದ್ದರೆ ಹೆಚ್ಚಾಗಿ 1973ರ ನವೆಂಬರ್ 1ಕ್ಕೆ ಮೊದಲಿನದು, ಆ ದಿನದಿಂದ ಹೆಸರು ಕರ್ನಾಟಕ ಆಯಿತು. ಹಳೇ ಅಭ್ಯಾಸದಿಂದ ಆಮೇಲೂ ಮೈಸೂರು ಎಂದು ಬರೆದವರು ಇದ್ದಾರೆ, ಇದೊಂದನ್ನೇ ನಂಬಬೇಡಿ. ಶಿಡ್ಲಘಟ್ಟ, ಕೋಲಾರ ಜಿಲ್ಲೆ ಎಂದು ಇರುವುದನ್ನು ನೋಡಿ ಒಬ್ಬರು ಇದು ತಪ್ಪು ವಿಳಾಸ ಅಂದರು. ತಪ್ಪಲ್ಲ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ.

ಇನ್ನೊಂದು ಗುರುತು ಸಣ್ಣ ಸ್ಟಾಂಪು. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ನೆರವಿಗೆಂದು 1971ರ ನವೆಂಬರ್ 15ರಿಂದ ಕಾಗದಗಳಿಗೆ 5 ಪೈಸೆಯ ಸ್ಟಾಂಪು ಹೆಚ್ಚಿಗೆ ಹಚ್ಚಬೇಕಿತ್ತು. ಮೊದಮೊದಲು ಕುಟುಂಬ ಯೋಜನೆಯ ಸ್ಟಾಂಪಿನ ಮೇಲೇ ಹೊಸ ಅಕ್ಷರ ಒತ್ತಿ ಮಾರಿದರು. 1973ರ ಮಾರ್ಚ್‌ವರೆಗೆ ಇದು ನಡೆಯಿತು. ನಿಮ್ಮ ಮನೆಯ ಯಾವುದಾದರೂ ಇನ್‌ಲ್ಯಾಂಡ್ ಲೆಟರ್ ಮೇಲೆ ಈ ಸ್ಟಾಂಪು ಇದ್ದರೆ ಅದು ಆ ಒಂದೂವರೆ ವರ್ಷದ ಒಳಗಿನದು.

ಸ್ಟಾಂಪೂ ಇಲ್ಲ, ಮುದ್ರೆಯೂ ಇಲ್ಲ ಅಂದಾಗ ನನಗೆ ದಾರಿ ತೋರಿಸಿದ್ದು ಬೆಳೆ. ಅವರೆ, ರಾಗಿ ಕಣ, ಮಾವಿನ ಹೂವು, ಹುಣಸೆ ಕುಟ್ಟುವುದು. ದೊಡ್ಡಪ್ಪ ಯಾವುದರ ಬಗ್ಗೆ ಕೇಳಿದ್ದಾರೆ ಎಂದು ನೋಡಿದರೆ ತಿಂಗಳು ಗೊತ್ತಾಗುತ್ತದೆ.

ಮನೆಯಿಂದ ಅವರಿಗೆ ಬರೆದ ಕಾಗದಗಳು?

ಒಂದೂ ಉಳಿದಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗವಾಗುವವರ ಪೆಟ್ಟಿಗೆಯಲ್ಲಿ ಜಾಗ ಎಷ್ಟಿರುತ್ತದೆ ಹೇಳಿ. ಮನಿಯಾರ್ಡರಿನ ಕೂಪನ್‌ಗಳು ಮಾತ್ರ ಒಂದಷ್ಟು ಇವೆ, ಅವೂ ದೊಡ್ಡಪ್ಪನೇ ಕಳಿಸಿದ್ದು.

ನಮ್ಮ ಮನೆಯಲ್ಲೂ ಇಂಥ ಕಾಗದ ಇವೆ. ಹೇಗೆ ಇಟ್ಟುಕೊಳ್ಳಬೇಕು?

ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ನಾನು ಪೇಟೆಯ ಒಂದು ಅಂಗಡಿಯಲ್ಲಿ ಒಂದು ಕಾಗದಕ್ಕೆ ಮಾಡಿಸಿದೆ. ಬಿಸಿಗೆ ಶಾಯಿ ಹರಡಿ ಕೊನೆಯ ಮೂರು ಸಾಲು ಹೋದವು. ಈಗ ಬಿಚ್ಚಲೂ ಆಗುವುದಿಲ್ಲ. ಅದು ಅವರು ಸಾರ್ಜೆಂಟ್ ಆದ ಸುದ್ದಿ ಬರೆದಿದ್ದ ಕಾಗದ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸೆಲ್ಲೋಟೇಪ್ ಬೇಡ, ಗುಂಡುಸೂಜಿ ಬೇಡ, ರಬ್ಬರ್ ಬ್ಯಾಂಡ್ ಬೇಡ. ಮಡಿಕೆ ಬಿಡಿಸಿ ಚಪ್ಪಟೆಯಾಗಿ ಇಡಿ, ಮಡಿಕೆಯಲ್ಲೇ ಮೊದಲು ಹರಿಯುವುದು. ಮೇಲೆ ಏನಾದರೂ ಗುರುತು ಬರೆಯಬೇಕಾದರೆ ಪೆನ್ಸಿಲ್‌ನಲ್ಲಿ, ಹಿಂದೆ, ಮೂಲೆಯಲ್ಲಿ ಬರೆಯಿರಿ. ಕಿಟಕಿ ಬೆಳಕಿನಲ್ಲಿ ಎರಡೂ ಕಡೆ ಫೋಟೊ ತೆಗೆಯಿರಿ, ವಿಳಾಸದ ಕಡೆಯನ್ನು ಬಿಡಬೇಡಿ. ಇನ್‌ಲ್ಯಾಂಡ್‌ನಲ್ಲಿ ಮಡಚಿ ಅಂಟಿಸುವ ಅಂಚಿನ ಒಳಗೂ ಬರೆಯುತ್ತಿದ್ದರು. ಅದನ್ನೂ ನೋಡಿ.

ಇನ್ನೂ ಒಂದು ಮಾತು. ಆ ಕಾಗದ ಬಂದಾಗ ಮನೆಯಲ್ಲಿದ್ದವರು ಯಾರಾದರೂ ಇದ್ದರೆ, ಅವರ ಮುಂದೆ ಕೂತು ಗಟ್ಟಿಯಾಗಿ ಓದಿ. ಈಗಲೇ ಓದಿ. ನನಗೆ ಗೊತ್ತಿರುವುದರಲ್ಲಿ ಅರ್ಧ ಅತ್ತೆಗೆ ಹೀಗೆ ಓದಿ ಹೇಳುವಾಗ ತಿಳಿದದ್ದು.

ನಮ್ಮ ತಾತನೂ ವಾಯುಪಡೆಯಲ್ಲಿದ್ದರಂತೆ. ಕಾಗದ ಇಲ್ಲ. ಎಲ್ಲಿಂದ ಶುರು ಮಾಡಲಿ?

ಸರ್ವಿಸ್ ನಂಬರ್ ಬೇಕು. ಅದಿಲ್ಲದೆ ಯಾವ ಕಚೇರಿಯಲ್ಲೂ ಕೆಲಸ ಮುಂದೆ ಹೋಗುವುದಿಲ್ಲ. ಪಿಂಚಣಿ ಪುಸ್ತಕ ಹುಡುಕಿ. ಸಿಗದಿದ್ದರೆ ಪದಕ ಹುಡುಕಿ. ನಮ್ಮ ಸೇನೆಯ ಪದಕಗಳ ಅಂಚಿನಲ್ಲಿ ನಂಬರ್, ಹುದ್ದೆ, ಹೆಸರು ಕೆತ್ತಿರುತ್ತಾರೆ. ಹುಣಸೆ ಹಣ್ಣು ಹಾಕಿ ಮಾತ್ರ ತಿಕ್ಕಬೇಡಿ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ.

ಯಾವ ಪದಕ ಅನ್ನುವುದೂ ಕಥೆ ಹೇಳುತ್ತದೆ. ಪಶ್ಚಿಮಿ ಸ್ಟಾರ್ ಇದ್ದರೆ 1971ರಲ್ಲಿ ಪಶ್ಚಿಮದ ಕಡೆ, ಪೂರ್ವಿ ಸ್ಟಾರ್ ಇದ್ದರೆ ಪೂರ್ವದ ಕಡೆ. ಸಂಗ್ರಾಮ್ ಮೆಡಲ್ ಕೂಡ 1971ರದ್ದೇ. ಸಮರ ಸೇವಾ ಸ್ಟಾರ್, ರಕ್ಷಾ ಮೆಡಲ್ ಇದ್ದರೆ 1965. ನಂಬರ್ ಸಿಕ್ಕಿದ ಮೇಲೆ ದೆಹಲಿಯ ಸುಬ್ರತೋ ಪಾರ್ಕ್‌ನಲ್ಲಿರುವ ವಾಯುಪಡೆಯ ದಾಖಲೆ ಕಚೇರಿಗೆ ಬರೆಯಬಹುದು. ರಾಜ್ಯದ ಸೈನಿಕ ಕಲ್ಯಾಣ ಇಲಾಖೆಯವರನ್ನೂ ಕೇಳಿ.

ಯುದ್ಧ ಮುಗಿದ ಮೇಲೆ ಬರೆದ ಮೊದಲ ಕಾಗದದಲ್ಲಿ ಏನಿದೆ?

ಪಶ್ಚಿಮದಲ್ಲಿ ಕದನ ವಿರಾಮ ಆದದ್ದು ಡಿಸೆಂಬರ್ 17ರ ರಾತ್ರಿ 8ಕ್ಕೆ. ಊರಿನಲ್ಲಿ ಪಂಚಾಯ್ತಿ ರೇಡಿಯೊದ ಸುತ್ತ ಜನ ನಿಂತಿದ್ದರಂತೆ. ದೊಡ್ಡಪ್ಪನ ಕಾಗದ ಬಂದದ್ದು ಎಷ್ಟೋ ದಿನ ಬಿಟ್ಟು. ಸಾಲುಗಳು ಮತ್ತೆ ನೇರ. ರಜೆ ಸಿಕ್ಕರೆ ಬಂಗಾರಪೇಟೆಯಲ್ಲಿ ಇಳಿದು ಸಣ್ಣ ರೈಲು ಹಿಡಿದು ಬರುತ್ತೇನೆ, ಹಿತಕಿದ ಬೇಳೆ ಸಾರಿಗೆ ಒಂದಷ್ಟು ಅವರೆ ಒಣಗಿಸಿ ಇಡಿ ಎಂದು ಬರೆದಿದ್ದಾರೆ. ಆ ಸಣ್ಣ ರೈಲು ಆಗ ಕೋಲಾರ, ಚಿಂತಾಮಣಿ ದಾಟಿ ಶಿಡ್ಲಘಟ್ಟಕ್ಕೆ ಬರುತ್ತಿತ್ತು.

ತೂತಿಲ್ಲದ ಆ ನಾಲ್ಕು ಕಾಗದಗಳ ವಿಷಯ ಏನು?

ನಾಲ್ಕೂ 1971ರ ಡಿಸೆಂಬರ್‌ನವು. ಅಂಟಿಸುವ ಅಂಚಿನ ಒಳಗೆ ಸಣ್ಣ ಅಕ್ಷರದಲ್ಲಿ ತಂಗಿಗೆ ಬರೆದ ಮಾತು ಇರುವುದು ಈ ನಾಲ್ಕರಲ್ಲೇ. ಅಮ್ಮನಿಗೆ ಓದಬೇಡ ಎಂದು ಶುರುವಾಗುತ್ತದೆ. ಒಂದರಲ್ಲಿ, ಸಂಜೆ ಇಲ್ಲಿಗೂ ಬಂದಿದ್ದರು, ನಾನು ಗುಂಡಿಯಲ್ಲಿದ್ದೆ, ಏನೂ ಆಗಿಲ್ಲ ಎಂದಿದೆ. ಇನ್ನೊಂದರಲ್ಲಿ ಜೊತೆಯವನೊಬ್ಬನ ವಿಷಯ. ಅದನ್ನು ನಾನು ಯಾರಿಗೂ ತೋರಿಸುವುದಿಲ್ಲ, ಶಾಲೆಯಲ್ಲೂ ಮಡಚಿಯೇ ಇಟ್ಟಿದ್ದೆ.

ಅತ್ತೆ ಆ ಸಾಲುಗಳನ್ನು ಬಿಟ್ಟು ಉಳಿದದ್ದನ್ನು ಓದಿದಳು. ಮೊದಲ ಕಾಗದ ಓದಿ ಮುಗಿಸಿದಾಗ ಅಜ್ಜಿ ಬೆರಳಿಟ್ಟು, ಇಲ್ಲೂ ಬರೆದಿದೆಯಲ್ಲಮ್ಮ ಎಂದು ಕೇಳಿದರಂತೆ. ಅದು ವಿಳಾಸ ಎಂದಳು ಅತ್ತೆ. ಅಜ್ಜಿ ಮತ್ತೆ ಕೇಳಲಿಲ್ಲ. ಉಳಿದ ಮೂರು ಬಂದಾಗಲೂ ಕೇಳಲಿಲ್ಲ.

ಅಜ್ಜಿ ಹೋದ ಮೇಲೆ ತಂತಿಯಿಂದ ಕಾಗದಗಳನ್ನು ಬಿಡಿಸಿದಾಗ 57 ಸಿಕ್ಕವು. ಈ ನಾಲ್ಕು ದೇವರ ಗೂಡಿನಲ್ಲಿದ್ದವು, ದೀಪದ ಹಿಂದೆ, ಹಳದಿ ಬಟ್ಟೆಯಲ್ಲಿ ಸುತ್ತಿದ್ದವು. ಅಂಚಿನ ಆ ಸಣ್ಣ ಅಕ್ಷರಗಳ ಮೇಲೆ ಎಣ್ಣೆ ಬೆರಳಿನ ಗುರುತು ಇನ್ನೂ ಇದೆ.